ರಿಸ್ಕ್ ಎಂಬ ಪದದ ಊರು ಯಾವುದು?

ಕಳೆದ ಡಿಸೆಂಬರ್ 18ರಂದು ನಮ್ಮ ಕಾಲೇಜಿನಲ್ಲಿ ವಿಶ್ವ ಅರಬ್ಬಿ ಭಾಷಾ ದಿನ ಆಚರಿಸಿದ್ದು ನಿಮಗೆಲ್ಲ ನೆನಪಿರಬಹುದು. 1973ರಲ್ಲಿ ಇದೇ ದಿನ ವಿಶ್ವಸಂಸ್ಥೆ ಅರಬ್ಬಿಯನ್ನು ತನ್ನ ಅಧಿಕೃತ ಭಾಷೆಗಳ ಸಾಲಿಗೆ ಸೇರಿಸಿತು. ಅಂದು ಲೈಬ್ರರಿ ಮುಂದಿನ ಗೋಡೆಗೆ ಅಂಟಿಸಿದ್ದ ಚಾರ್ಟ್‌ಗಳಲ್ಲಿ ಒಂದು ನನ್ನದು. ‘ಇಂಗ್ಲಿಷಿನಲ್ಲಿ ಅರಬ್ಬಿ ಪದಗಳು’ ಎಂದು ಅದರ ತಲೆಬರಹ. ಶುಗರ್, ಕಾಟನ್, ಆಲ್ಜೀಬ್ರಾ, ಅಡ್ಮಿರಲ್, ಮ್ಯಾಗಜೀನ್ ಹೀಗೆ ಹನ್ನೆರಡು ಪದಗಳನ್ನು ಬರೆದಿದ್ದೆ. (ಶುಗರ್ ಅರಬ್ಬಿಯಿಂದ ಹೋದದ್ದು ನಿಜ, ಆದರೆ ಅರಬ್ಬಿಗೆ ಅದು ಹೋದದ್ದು ನಮ್ಮ ಶರ್ಕರದಿಂದ. ಅದನ್ನು ಚಾರ್ಟಿನಲ್ಲಿ ಬರೆಯಲು ಜಾಗ ಇರಲಿಲ್ಲ.) ಎಲ್ಲಕ್ಕಿಂತ ಮೇಲೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದ ಪದ: ‘ರಿಸ್ಕ್ – ಅರಬ್ಬಿಯ ರಿಜ್ಕ್‌ನಿಂದ ಬಂದದ್ದು’.

ಮಧ್ಯಾಹ್ನ ಊಟ ಮುಗಿಸಿ ಬರುವ ಹೊತ್ತಿಗೆ ಆ ಪದದ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿತ್ತು. ಹಾಕಿದವರು ನಮ್ಮ ಇಂಗ್ಲಿಷ್ ಲೆಕ್ಚರರ್. ಕೇಳಿದ್ದಕ್ಕೆ, “ತಪ್ಪು ಅಂತ ನಾನು ಹೇಳಲಿಲ್ಲ. ಗೊತ್ತಾ ಅಂತ ಕೇಳಿದೆ, ಅಷ್ಟೆ. ಆಧಾರ ತೋರಿಸು, ನಾನೇ ಅಳಿಸ್ತೀನಿ” ಎಂದರು. ನನಗೆ ಸಿಟ್ಟು ಬಂತು. ಉಳಿದ ಹನ್ನೊಂದು ಪದಗಳಲ್ಲಿ ಯಾವುದಕ್ಕೆ ಚಿಹ್ನೆ ಹಾಕಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಯಾಕೆಂದರೆ ಆ ಪದ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಮ್ಮ ಮನೆಯ ಊಟದ ದಸ್ತರ್‌ಖಾನಿನ ಮೇಲೆ.

ನಮ್ಮದು ಶಿಡ್ಲಘಟ್ಟ. ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಶೆಡ್. ದಾದಾ ಚರಕದಲ್ಲಿ ಶುರು ಮಾಡಿದ್ದು, ಅಬ್ಬಾ ಕಾಟೇಜ್ ಬೇಸಿನ್‌ವರೆಗೆ ತಂದಿದ್ದಾರೆ. ಕಳೆದ ವರ್ಷ ಪೂರ್ತಿ ಮನೆಯಲ್ಲಿ ಒಂದೇ ಚರ್ಚೆ. ಸಾಲ ಮಾಡಿ ದೊಡ್ಡ ಯಂತ್ರ ಹಾಕಬೇಕೋ ಬೇಡವೋ? ಚಾಚಾ ಹಾಕಬೇಕೆನ್ನುತ್ತಾರೆ. “ರಿಸ್ಕ್ ತಗೊಳ್ಳದೆ ಈ ಧಂದೆಯಲ್ಲಿ ಯಾರು ಉಳಿದಿದ್ದಾರೆ?” ಎನ್ನುವುದು ಅವರ ವಾದ. ಅಬ್ಬಾ ಮಾತ್ರ “ಇಷ್ಟು ದೊಡ್ಡ ರಿಸ್ಕ್ ನಂಗೆ ಬೇಡ” ಎನ್ನುತ್ತಾರೆ. ಒಂದು ರಾತ್ರಿ ಇದೇ ಮಾತು ಜೋರಾದಾಗ, ಕಿವಿ ಸ್ವಲ್ಪ ಮಂದವಾಗಿರುವ ದಾದಾ ತಟ್ಟೆಯಿಂದ ತಲೆಯೆತ್ತಿ ಅಬ್ಬಾನನ್ನು ಗದರಿದರು: “ರಿಜ್ಕ್ ಬೇಡ ಅಂತ ಯಾರಾದ್ರೂ ಹೇಳ್ತಾರೇನೋ? ಕೊಡೋನು ಮೇಲಿನವನು!” ಎಲ್ಲರೂ ನಕ್ಕರು, ಜಗಳ ಅಲ್ಲಿಗೇ ನಿಂತಿತು. ನಮ್ಮ ಮನೆಗಳಲ್ಲಿ ರಿಜ್ಕ್ ಎಂದರೆ ದೇವರು ಪ್ರತಿಯೊಬ್ಬರ ಪಾಲಿಗೆ ಇಟ್ಟಿರುವ ಅನ್ನ, ಜೀವನೋಪಾಯ. ಆ ರಾತ್ರಿ ಕುತೂಹಲಕ್ಕೆ ಫೋನಿನಲ್ಲಿ ಹುಡುಕಿದೆ. ರಿಸ್ಕ್ ಬಂದದ್ದೇ ರಿಜ್ಕ್‌ನಿಂದ ಎಂದು ಎರಡು ಕಡೆ ಕಂಡಿತು. ದಾದಾ ತಪ್ಪು ಕೇಳಿಸಿಕೊಂಡಿಲ್ಲ, ಮೂಲವನ್ನೇ ಕೇಳಿಸಿಕೊಂಡಿದ್ದಾರೆ ಎಂದು ಹೆಮ್ಮೆಯಾಯಿತು. ಚಾರ್ಟಿಗೆ ಬರೆದೆ.

ಈಗ ಆಧಾರ ಹುಡುಕಬೇಕಾಯಿತು. ಲೈಬ್ರರಿಯ ದಪ್ಪ ನಿಘಂಟು, ಸರ್ ಕೊಟ್ಟ ಒಂದೆರಡು ಲೇಖನ, ಉರ್ದು ಲೆಕ್ಚರರ್ ಜೊತೆ ಎರಡು ಮಧ್ಯಾಹ್ನ. ನನಗೆ ತಿಳಿದದ್ದು ಇಷ್ಟು.

ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚಿನಿಂದ, ಅದೂ ತಡವಾಗಿ. ಆಕ್ಸ್‌ಫರ್ಡ್ ನಿಘಂಟು ಕೊಡುವ ಮೊದಲ ಉದಾಹರಣೆ 1621ರದು, ಆಗ ಅದರ ಕಾಗುಣಿತ ಫ್ರೆಂಚಿನಂತೆಯೇ ‘ರಿಸ್ಕ್ಯು’ ಎಂದು ಓದುವ ಹಾಗಿತ್ತು. ಇಂದಿನ ಕಾಗುಣಿತ ಕಾಣಿಸುವುದು 1655ರಲ್ಲಿ. ಫ್ರೆಂಚರು ಅದನ್ನು ಪಡೆದದ್ದು ಇಟಲಿಯವರಿಂದ. ಇಟಲಿಯಲ್ಲಿ ‘ರಿಸ್ಕೊ’, ಈಗ ‘ರಿಸ್ಕಿಯೊ’. ಅದಕ್ಕೂ ಹಿಂದೆ ವ್ಯಾಪಾರಿಗಳ ಲ್ಯಾಟಿನ್ ಪತ್ರಗಳಲ್ಲಿ ‘ರೆಸಿಕುಮ್’. ಇಲ್ಲಿಯವರೆಗೆ ದಾರಿ ಟಾರ್ ರಸ್ತೆ, ಯಾರಿಗೂ ತಕರಾರಿಲ್ಲ.

ಈ ರೆಸಿಕುಮ್ ಮೊದಲು ಸಿಗುವ ಜಾಗ ಸ್ವಾರಸ್ಯದ್ದು. ಇಟಲಿಯ ಜಿನೋವಾ ಬಂದರು, 12ನೇ ಶತಮಾನದ ಮಧ್ಯಭಾಗ. ಅಲ್ಲಿ ಜೊವಾನ್ನಿ ಸ್ಕ್ರೀಬಾ ಎಂಬ ನೋಟರಿ ಇದ್ದ. 1154ರಿಂದ 1164ರವರೆಗೆ ಆತ ಬರೆದಿಟ್ಟ ಕರಾರುಗಳ ದಫ್ತರ ಇಂದಿಗೂ ಉಳಿದಿದೆ, ಯೂರೋಪಿನ ನೋಟರಿ ದಫ್ತರಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು ಅದೇ. ಅಲೆಕ್ಸಾಂಡ್ರಿಯಾ, ಸಿರಿಯಾ, ಸಿಸಿಲಿ, ಉತ್ತರ ಆಫ್ರಿಕಾಗಳಿಗೆ ಹೊರಟ ಹಡಗುಗಳ ಲೇವಾದೇವಿ ಅದರಲ್ಲಿದೆ. ಹಣವಿರುವವನು ಮನೆಯಲ್ಲಿ ಕೂರುತ್ತಾನೆ, ಇನ್ನೊಬ್ಬ ಆ ಹಣದಲ್ಲಿ ಸರಕು ಕೊಂಡು ಸಮುದ್ರಕ್ಕೆ ಇಳಿಯುತ್ತಾನೆ. ಹಡಗು ಕ್ಷೇಮವಾಗಿ ಬಂದರೆ ಇಷ್ಟು ಹಣ ಹಿಂತಿರುಗಿಸಬೇಕು. ಬಾರದಿದ್ದರೆ? ಬಿರುಗಾಳಿಯೋ ಕಡಲ್ಗಳ್ಳರೋ ಸರಕನ್ನು ನುಂಗಿದರೆ ನಷ್ಟ ಯಾರ ತಲೆಗೆ? ಇದನ್ನು ನಮೂದಿಸುವಾಗ ಬರುವ ಪದವೇ ರೆಸಿಕುಮ್: ನಿನ್ನ ರೆಸಿಕುಮ್ ಮೇಲೆ, ನನ್ನ ರೆಸಿಕುಮ್ ಮೇಲೆ. ಅಂದರೆ ಹುಟ್ಟಿದಾಗ ಈ ಪದಕ್ಕೆ ಸಾಹಸ, ಧೈರ್ಯ ಎಂಬ ಸಿನಿಮಾ ಅರ್ಥ ಇರಲಿಲ್ಲ. ಏನಾದರೂ ಆದರೆ ಅನುಭವಿಸಬೇಕಾದವರು ಯಾರು ಎಂಬ ಲೆಕ್ಕದ ಪದ ಅದು.

ಇದನ್ನು ಓದುವಾಗ ನನಗೆ ಕಂಡದ್ದು ಜಿನೋವಾ ಅಲ್ಲ, ನಮ್ಮ ಊರಿನ ಸರ್ಕಾರಿ ಗೂಡಿನ ಮಾರುಕಟ್ಟೆ. ಚಿಕ್ಕವಳಿದ್ದಾಗ ದಾದಾ ಜೊತೆ ಹೋಗುತ್ತಿದ್ದೆ. ರೈತ ತಂದು ಜಾಲರಿಯಲ್ಲಿ ಹರಡಿದ ಗೂಡುಗಳಿಂದ ದಾದಾ ಒಂದು ಹಿಡಿ ಎತ್ತಿ, ಬೆರಳಿನಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಸದ್ದು ಮಾಡುತ್ತದೆಯೇ ಎಂದು ಕೇಳುತ್ತಿದ್ದರು. ಆಗ ಅವರ ಕಿವಿ ಚುರುಕಾಗಿತ್ತು. ಈಗ ಇ-ಹರಾಜು ಬಂದಿದೆ, ಮೊಬೈಲಿನಲ್ಲೇ ಬಿಡ್ ಹಾಕುತ್ತಾರೆ, ಆದರೆ ಕೈಯಲ್ಲಿ ಹಿಡಿದು ನೋಡುವುದು ಬಿಟ್ಟಿಲ್ಲ. ಹಿಡಿ ಗೂಡು ನೋಡಿ ಇಡೀ ಲಾಟಿಗೆ ಬೆಲೆ ಕಟ್ಟಬೇಕು. ಮಿಶ್ರತಳಿಯ ಗೂಡು ಸುಮಾರು ಏಳೆಂಟು ಕಿಲೋ ಬೇಯಿಸಿದರೆ ಒಂದು ಕಿಲೋ ನೂಲು, ಬೈವೋಲ್ಟೈನ್ ಆದರೆ ಇನ್ನೂ ಕಡಿಮೆ ಗೂಡು ಸಾಕು. ಈ ಲೆಕ್ಕಕ್ಕೆ ರೀಲರುಗಳು ‘ರೆಂಡಿಟ್ಟಾ’ ಎನ್ನುತ್ತಾರೆ. (ಇಟಲಿ ಭಾಷೆಯಲ್ಲಿ ‘ರೆಂದಿತಾ’ ಎಂದರೆ ಆದಾಯ, ಹುಟ್ಟುವಳಿ. ಶಿಡ್ಲಘಟ್ಟದ ಗಲ್ಲಿಗಳಲ್ಲಿ ದಿನವೂ ಒಂದು ಇಟಾಲಿಯನ್ ಪದ ಓಡಾಡುತ್ತಿದೆ ಎಂದು ಅಬ್ಬಾಗೆ ಹೇಳಿದರೆ ಅವರು ನಂಬಲೇ ಇಲ್ಲ.) ಅರ್ಧ ಕಿಲೋ ಲೆಕ್ಕ ತಪ್ಪಿದರೆ ಲಾಭ ಹೋಯಿತು. ತಡ ಮಾಡಿದರೆ ಪತಂಗ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದು ನೂಲಿಗೆ ಬಾರದು. ನೂಲಾಗುವ ಹೊತ್ತಿಗೆ ಚೀನಾದ ರೇಷ್ಮೆ ಬಂದು ಬೆಲೆ ಇಳಿದಿರಬಹುದು. ರೈತನದು ಬೇರೆ ಪಟ್ಟಿ: ಸುಣ್ಣಕಟ್ಟು ರೋಗ, ಊಜಿ ನೊಣ, ಸೊಪ್ಪಿಗೆ ನೀರು. ಬಿಡ್ ಕೂಗುವವರೆಗೆ ಭಯ ರೈತನದು, ಕೂಗಿದ ಮೇಲೆ ರೀಲರನದು. ರೆಸಿಕುಮ್ ಕೈ ಬದಲಾಯಿಸುವುದು ಆ ಒಂದು ಕ್ಷಣದಲ್ಲಿ.

ಸರಿ, ಜಿನೋವಾದವರಿಗೆ ಈ ಪದ ಕೊಟ್ಟವರು ಯಾರು? ಇಲ್ಲಿ ಟಾರ್ ರಸ್ತೆ ಮುಗಿದು ನಂದಿಬೆಟ್ಟದ ಬೆಳಗಿನ ಮಂಜು ಶುರುವಾಗುತ್ತದೆ.

ಒಂದು ವಾದದ ಪ್ರಕಾರ ಮೂಲ ಲ್ಯಾಟಿನ್ನಿನ ‘ರೆಸೆಕಾರೆ’, ಎಂದರೆ ಕತ್ತರಿಸು. ಕಡಿದಿಟ್ಟಂತೆ ನಿಂತ ಕಡಲ ಬಂಡೆಗೆ ಆ ಧಾತುವಿನಿಂದ ಹೆಸರು ಬಂತು, ನಾವಿಕರಿಗೆ ಬಂಡೆ ಎಂದರೆ ಅಪಾಯ, ಹಾಗಾಗಿ ಅಪಾಯಕ್ಕೇ ಆ ಹೆಸರಾಯಿತು ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ‘ರಿಸ್ಕೊ’ ಎಂದರೆ ಇಂದಿಗೂ ಕಡಿದಾದ ಬಂಡೆ. ಕೇಳಲು ಚೆನ್ನಾಗಿದೆ. ಆದರೆ ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಳೆಯ ಕರಾರುಗಳಲ್ಲಿ ರೆಸಿಕುಮ್ ಎಂದರೆ ಬಂಡೆಯೂ ಅಲ್ಲ, ಬರೀ ಅಪಾಯವೂ ಅಲ್ಲ, ಜವಾಬ್ದಾರಿ. ಬಂಡೆಯಿಂದ ಅಲ್ಲಿಗೆ ಹಾರುವುದು ದೂರದ ಹಾರಾಟ.

ಎರಡನೆಯದು ದಾದಾ ಪಕ್ಷ. ಜಿನೋವಾದವರು ವ್ಯಾಪಾರ ಮಾಡುತ್ತಿದ್ದುದೇ ಅರಬ್ಬಿ ಮಾತಾಡುವ ಬಂದರುಗಳ ಜೊತೆ. ಆಡುಮಾತಿನ ಅರಬ್ಬಿಯಲ್ಲಿ ರಿಜ್ಕ್ ಎನ್ನುವಾಗ ಕೊನೆಯ ಎರಡು ವ್ಯಂಜನಗಳ ನಡುವೆ ಸಣ್ಣ ಸ್ವರ ನುಸುಳಿ ‘ರಿಜಿಕ್’ ಆಗುತ್ತದೆ. ನಮ್ಮ ಅಜ್ಜಿಯರೂ ಹಾಗೇ ಹೇಳುತ್ತಾರಲ್ಲ! ಅದಕ್ಕೆ ಲ್ಯಾಟಿನ್ ಬಾಲ ಸೇರಿಸಿದರೆ ರಿಜಿಕುಮ್. ಇನ್ನೊಂದು ಸಾಕ್ಷಿಯೂ ಇದೆ. ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಸೈನಿಕರಿಗೆ ಕೊಡುತ್ತಿದ್ದ ಧಾನ್ಯದ ಪಡಿಯನ್ನೂ ರಿಜ್ಕ್ ಎನ್ನುತ್ತಿದ್ದರು. ಆ ಕಾಲದ ಈಜಿಪ್ಟಿನ ಗ್ರೀಕ್ ಪಪೈರಸ್ ಪತ್ರಗಳಲ್ಲಿ ಇದೇ ಪಡಿ ‘ರೂಜಿಕೋನ್’ ಎಂದು ಕಾಣಿಸುತ್ತದೆ. ಮುಂದೆ ಗ್ರೀಕಿನಲ್ಲಿ ‘ರಿಜಿಕೋ’ ಎಂದರೆ ಅದೃಷ್ಟ, ಹಣೆಬರಹ. ಅಂದರೆ ಅರಬ್ಬಿಯ ರಿಜ್ಕ್ ಬೇರೆ ಭಾಷೆಗಳಿಗೆ ಹೋದದ್ದು ಕಟ್ಟುಕತೆಯಲ್ಲ, ಒಂದು ಭಾಷೆಗಂತೂ ಹೋಗಿದೆ. (ಗ್ರೀಕಿನ ‘ರೀಜಾ’, ಎಂದರೆ ಬೇರು, ಅದರಿಂದಲೇ ಬಂತು ಎನ್ನುವವರೂ ಇದ್ದಾರೆ. ಅದನ್ನು ಇಲ್ಲಿ ಬಿಡುತ್ತೇನೆ.)

ಹಾಗಾದರೆ ಅಡ್ಡಿ ಏನು? ಅರ್ಥ. ರಿಜ್ಕ್ ಒಳ್ಳೆಯದು, ರಿಸ್ಕ್ ಭಯದ್ದು. ಅರಬ್ಬಿ ವ್ಯಾಪಾರಿಗಳು ಅಪಾಯಕ್ಕೆ ಬಳಸುತ್ತಿದ್ದುದು ‘ಖತರ್’ ಎಂಬ ಬೇರೆಯೇ ಪದ, ಇಂದಿಗೂ ಅರಬ್ಬಿಯಲ್ಲಿ ರಿಸ್ಕಿಗೆ ‘ಮುಖಾತರಾ’ ಎನ್ನುತ್ತಾರೆ. ನಮ್ಮ ಕ್ಲಾಸಿನ ಹುಡುಗರು ಎಲ್ಲದಕ್ಕೂ ‘ಖತರ್ನಾಕ್’ ಅನ್ನುತ್ತಾರಲ್ಲ, ಅದೇ ಖತರ್. ಪಕ್ಕದಲ್ಲೇ ಸರಿಯಾದ ಪದ ಇರುವಾಗ ಇಟಲಿಯವರು ಅನ್ನದ ಪದವನ್ನು ಯಾಕೆ ಎತ್ತಿಕೊಂಡರು?

ಇದಕ್ಕೆ ಉತ್ತರ ನನಗೆ ಹೊಳೆದದ್ದು ಬಸ್ಸಿನಲ್ಲಿ, ‘ನಸೀಬು’ ಎಂಬ ಪದ ಕೇಳಿ. ಕಂಡಕ್ಟರ್ ಯಾರಿಗೋ “ಸೀಟು ಸಿಕ್ಕಿದ್ದು ನಿಮ್ಮ ನಸೀಬು” ಎಂದರು. ನಸೀಬ್ ಎಂದರೆ ಅರಬ್ಬಿಯಲ್ಲಿ ಪಾಲು, ಅಷ್ಟೆ. ಕಿಸ್ಮತ್ ಕೂಡ ಹಂಚಿಕೆ ಎಂಬ ಅರ್ಥದ ಪದ. ಪಾಲು ಎಂದಿದ್ದದ್ದು ಭಾಷೆ ದಾಟುವಾಗ ಅದೃಷ್ಟವಾಯಿತು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವಂತಾಯಿತು. “ಎಂಥಾ ನಸೀಬು ನಮ್ಮದು” ಎಂದು ನಿಟ್ಟುಸಿರು ಬಿಡುವಾಗ ಯಾರೂ ಒಳ್ಳೆಯ ಪಾಲಿನ ಬಗ್ಗೆ ಹೇಳುತ್ತಿರುವುದಿಲ್ಲ. ಹಾಗೆಯೇ, ಸಮುದ್ರದಲ್ಲಿ ದೇವರು ನಿನ್ನ ಪಾಲಿಗೆ ಏನು ಇಟ್ಟಿದ್ದಾನೋ ಅದು ನಿನ್ನದು ಎಂಬ ಅರ್ಥದಲ್ಲಿ ರಿಜ್ಕ್ ಕರಾರಿನೊಳಗೆ ಬಂದಿರಬಹುದಲ್ಲವೇ? ಬಂದಿರಬಹುದು. ಆದರೆ ‘ಬಂದಿರಬಹುದು’ ಆಧಾರವಲ್ಲ. ರಿಜ್ಕ್ ಎಂಬ ಪದವನ್ನೇ ಸಮುದ್ರದ ನಷ್ಟಕ್ಕೆ ಬಳಸಿದ ಅರಬ್ಬಿ ಕರಾರು ಒಂದು ಕೈಯಲ್ಲಿದ್ದರೆ ಸರ್ ಮುಂದೆ ಇಡುತ್ತಿದ್ದೆ. ಅದು ನನ್ನ ಹತ್ತಿರ ಇಲ್ಲ. ನಿಘಂಟುಗಳು ‘ಮೂಲ ಅನಿಶ್ಚಿತ’ ಎಂದು ನಿಲ್ಲಿಸುವುದು ಇದಕ್ಕೇ. ಅನಿಶ್ಚಿತತೆಯನ್ನು ಹೇಳುವ ಪದದ ಹುಟ್ಟೇ ಅನಿಶ್ಚಿತ.

ಇಷ್ಟು ಹುಡುಕಿದ್ದಕ್ಕೆ ಒಂದು ಲಾಭ ಆಯಿತು. ರಿಜ್ಕ್ ಕೂಡ ಅರಬ್ಬಿಯಲ್ಲಿ ಹುಟ್ಟಿದ್ದಲ್ಲ ಎಂದು ಉರ್ದು ಲೆಕ್ಚರರ್ ತೋರಿಸಿದರು. ಹಳೆಯ ಪರ್ಶಿಯನ್ನಿನಲ್ಲಿ ‘ರೋಜ್’ ಎಂದರೆ ದಿನ, ‘ರೋಜೀಗ್’ ಎಂದರೆ ದಿನದ ಅನ್ನ. ಅದು ಸಿರಿಯಾಕ್ ಭಾಷೆಯ ಮೂಲಕ ಅರಬ್ಬಿಗೆ ಬಂದು ರಿಜ್ಕ್ ಆಯಿತು. ನಾವು ‘ರೋಟಿ ರೋಜಿ’ ಎನ್ನುವಾಗಿನ ರೋಜಿ ಅದೇ. ರಂಜಾನಿನ ‘ರೋಜಾ’ ಕೂಡ ಅದೇ ರೋಜ್‌ನಿಂದ, ದಿನವಿಡೀ ಹಿಡಿಯುವುದು ಎಂದು. ಒಂದೇ ಬೇರಿನಿಂದ ಅನ್ನವೂ ಬಂದಿದೆ, ಉಪವಾಸವೂ ಬಂದಿದೆ. ಇನ್ನೂ ಹಿಂದಕ್ಕೆ ಹೋದರೆ ಪರ್ಶಿಯನ್ನಿನ ರೋಜ್ ಮತ್ತು ಸಂಸ್ಕೃತದ ‘ರುಚ್’, ಅಂದರೆ ಹೊಳೆಯುವುದು, ಒಡಹುಟ್ಟಿದವು. ರುಚಿ, ರೋಚಕ ಅಲ್ಲಿಂದ ಬಂದವು. ದಾದಾ ವಾದ ಒಂದು ದಿನ ಗೆದ್ದರೆ ‘ರೋಚಕ ರಿಸ್ಕ್’ ಎನ್ನುವುದು ಒಂದೇ ಕುಟುಂಬದ ಇಬ್ಬರನ್ನು ಅಕ್ಕಪಕ್ಕ ಕೂರಿಸಿದ ಹಾಗೆ.

ಹುಡುಕಾಟದ ಸುದ್ದಿ ಕ್ಲಾಸಿಗೆ ಹಬ್ಬಿ, ಗೌರಿಬಿದನೂರಿನಿಂದ ಬರುವ ಗೆಳತಿ ‘ಹಜಾರ್ಡ್’ ಎಂಬ ಇನ್ನೊಂದು ಪದ ತಂದಳು. ಅವರ ಊರಿನ ಹತ್ತಿರ 1965ರಿಂದ ಭೂಕಂಪನ ದಾಖಲಿಸುವ ಕೇಂದ್ರವಿದೆ. ಹಜಾರ್ಡ್ ಬೇರೆ, ರಿಸ್ಕ್ ಬೇರೆ ಎನ್ನುವುದು ಅವಳ ಪಾಠ. ನೆಲ ಎಷ್ಟು ಅದುರಬಹುದು ಎನ್ನುವುದು ಹಜಾರ್ಡ್. ಆ ನೆಲದ ಮೇಲೆ ಎಷ್ಟು ಜನ, ಎಂಥ ಮನೆಗಳಿವೆ ಎನ್ನುವುದೂ ಸೇರಿದರೆ ರಿಸ್ಕ್. ಯಾರೂ ಇಲ್ಲದ ಮರುಭೂಮಿಯಲ್ಲಿ ಹಜಾರ್ಡ್ ಇರಬಹುದು, ರಿಸ್ಕ್ ಇಲ್ಲ. ಈ ಹಜಾರ್ಡ್ ಮೊದಲು ಒಂದು ದಾಳದ ಆಟದ ಹೆಸರು, 14ನೇ ಶತಮಾನದ ಕೊನೆಯಲ್ಲಿ ಚಾಸರ್ ಕವಿಯ ಕತೆಗಳಲ್ಲೂ ಬರುತ್ತದೆ. ದಾಳಕ್ಕೆ ಅರಬ್ಬಿಯಲ್ಲಿ ‘ಅಜ್-ಜಹ್ರ್’, ಅದರಿಂದ ಸ್ಪ್ಯಾನಿಷಿನ ‘ಅಸಾರ್’, ಅಲ್ಲಿಂದ ಫ್ರೆಂಚ್, ಅಲ್ಲಿಂದ ಇಂಗ್ಲಿಷ್ ಎನ್ನುತ್ತಾರೆ. ಇಲ್ಲೂ ತಕರಾರಿದೆ. ಹಳೆಯ ಅರಬ್ಬಿ ನಿಘಂಟುಗಳಲ್ಲಿ ಜಹ್ರ್ ಎಂದರೆ ಹೂವು, ದಾಳ ಎಂಬ ಅರ್ಥ ಸಿಗುವುದು ಇತ್ತೀಚಿನವುಗಳಲ್ಲಿ. ಟೈರ್ ನಗರದ ವಿಲಿಯಂ ಬರೆದ ಕ್ರುಸೇಡ್ ಇತಿಹಾಸದ ಹಳೆಯ ಫ್ರೆಂಚ್ ಅನುವಾದವಂತೂ, ಸಿರಿಯಾದ ಹಸಾರ್ಟ್ ಎಂಬ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಹೊತ್ತು ಹೋಗದೆ ಕಟ್ಟಿದ ಆಟ ಇದು, ಕೋಟೆಯ ಹೆಸರೇ ಆಟಕ್ಕೆ ಬಂತು ಎನ್ನುತ್ತದೆ. ಊರಿನ ಹೆಸರಿಗೆ ಕತೆ ಹೊಸೆಯುವ ಸ್ಥಳಪುರಾಣದ ವಾಸನೆ ನನಗೆ ಇದರಲ್ಲಿ ಬರುತ್ತದೆ.

ಹೆಚ್ಚು ಗಟ್ಟಿಯಾಗಿ ನಿಲ್ಲುವ ಪದ ನಾನು ಚಾರ್ಟಿನಲ್ಲಿ ಬರೆದೇ ಇರಲಿಲ್ಲ. ಅದು ‘ಆವರೇಜ್’. ಗೂಡಿನ ಮಾರುಕಟ್ಟೆಯಲ್ಲಿ ದಿನವೂ ಕನಿಷ್ಠ, ಗರಿಷ್ಠ, ಆವರೇಜ್ ಎಂದು ಬೆಲೆ ಬರೆಯುತ್ತಾರಲ್ಲ, ಅದೇ. ಅರಬ್ಬಿಯ ‘ಅವಾರ್’ ಎಂದರೆ ಸರಕಿಗೆ ಆದ ಹಾನಿ. ಅದು ಇಟಲಿಯಲ್ಲಿ ‘ಅವಾರಿಯಾ’ ಆಯಿತು ಎಂದು ಬಹುತೇಕ ನಿಘಂಟುಗಳು ಒಪ್ಪುತ್ತವೆ. ಬಿರುಗಾಳಿಯಲ್ಲಿ ಹಡಗು ಹಗುರ ಮಾಡಲು ಒಬ್ಬನ ಮೂಟೆಗಳನ್ನು ಸಮುದ್ರಕ್ಕೆ ಎಸೆದರೆ, ಆ ನಷ್ಟವನ್ನು ಅವನೊಬ್ಬನ ಮೇಲೆ ಬಿಡದೆ, ಹಡಗಿನಲ್ಲಿ ಸರಕಿದ್ದ ಎಲ್ಲರೂ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕಿತ್ತು. ಹಾಗೆ ಹಂಚುವ ಲೆಕ್ಕವೇ 18ನೇ ಶತಮಾನದ ಹೊತ್ತಿಗೆ ಗಣಿತದ ಆವರೇಜ್ ಆಯಿತು. ಅದಕ್ಕೆ ನಾವು ಹೇಳುವ ‘ಸರಾಸರಿ’ಯೂ ಪರ್ಶಿಯನ್, ‘ಸರ್’ ಎಂದರೆ ತಲೆ, ಈ ತಲೆಯಿಂದ ಆ ತಲೆಯವರೆಗೆ ಎಂದು.

ಇದನ್ನು ಚಿಂತಾಮಣಿಯ ಸಹಪಾಠಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವರದು ಟೊಮೆಟೊ ಬೆಳೆಯುವ ಮನೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಅವರ ತೋಟದಲ್ಲಿ ಬೆಳೆ ಇರಲಿಲ್ಲವಂತೆ. ಬೆಳೆ ಇದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದಿದ್ದರು. “ನಮ್ಮ ಹಡಗಲ್ಲಿ ಹಂಚ್ಕೊಳ್ಳೋರು ಯಾರೂ ಇಲ್ಲ” ಎಂದ. ಬೋರ್‌ವೆಲ್ ವಿಷಯವೂ ಅಷ್ಟೇ. ತೆಂಗಿನಕಾಯಿ ಹಿಡಿದವರು ತೋರಿಸಿದ ಪಾಯಿಂಟಿಗೆ ಸಾವಿರ ಅಡಿ ದಾಟಿ ಕೊರೆಸಿ ಬರೀ ಧೂಳು ಬಂದರೂ ದುಡ್ಡು ರೈತನದೇ. ‘ಅಂದಾಜು’ ಎನ್ನುತ್ತೇವಲ್ಲ, ಪರ್ಶಿಯನ್ನಿನಲ್ಲಿ ಅದರ ಮೂಲದ ಅರ್ಥ ಎಸೆಯುವುದು.

ನಮ್ಮ ವಾಣಿಜ್ಯಶಾಸ್ತ್ರದ ಕನ್ನಡದಲ್ಲಿ ರಿಸ್ಕಿಗೆ ‘ನಷ್ಟಭಯ’ ಎನ್ನುತ್ತಾರೆ. ಮೊದಲು ಇದು ನನಗೆ ಒಣ ಪದ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಸಂಸ್ಕೃತದಂತೆ ಕಾಣುವ ‘ವಿಮೆ’ ಪರ್ಶಿಯನ್ನಿನ ‘ಬೀಮಾ’, ಅದರೊಳಗಿನ ‘ಬೀಮ್’ ಎಂದರೆ ಭಯ. ನಷ್ಟಭಯಕ್ಕೆ ವಿಮೆ ಎಂದರೆ ಭಯಕ್ಕೆ ಭಯವನ್ನೇ ಕಟ್ಟಿದಂತಾಯಿತು.

ಪರೀಕ್ಷೆಗೆ ಮುಂಚೆ ಸರ್ ಹತ್ತಿರ ಹೋಗಿ, ಆಧಾರ ಸಿಗಲಿಲ್ಲ, ಆದರೆ ಸುಳ್ಳೆಂದೂ ಸಾಬೀತಾಗಿಲ್ಲ ಎಂದೆ. ಹಾಗಾದರೆ ಚಿಹ್ನೆ ಇರಲಿ ಎಂದರು. ನಾನು ಪೆನ್ಸಿಲ್ ಗುರುತಿನ ಮೇಲೆಯೇ ಕೆಂಪು ಸ್ಕೆಚ್ ಪೆನ್ನು ಆಡಿಸಿ ದಪ್ಪ ಮಾಡಿದೆ. ಕೆಳಗೆ ಖಾಲಿ ಉಳಿದಿದ್ದ ಜಾಗದಲ್ಲಿ ಹದಿಮೂರನೆಯದಾಗಿ ಆವರೇಜ್ ಸೇರಿಸಿದೆ. ಚಾರ್ಟ್ ಈಗಲೂ ಲೈಬ್ರರಿಯಲ್ಲಿ, ಪತ್ರಿಕೆಗಳ ಸ್ಟ್ಯಾಂಡಿನ ಹಿಂದೆ ಇದೆ.

ಮನೆಯಲ್ಲಿ ದಾದಾಗೆ ಇದನ್ನೆಲ್ಲ ಕಿವಿಯ ಹತ್ತಿರ ಕೂತು ಜೋರಾಗಿ ವಿವರಿಸಿದೆ. ಪೂರ್ತಿ ಕೇಳಿ, “ನಾನು ಮೊದಲೇ ಹೇಳಿದ್ನಲ್ಲ” ಎಂದರು. ಯಂತ್ರದ ಮಾತು ಇನ್ನೂ ಮುಗಿದಿಲ್ಲ. ಅಬ್ಬಾ ಬ್ಯಾಂಕಿನಿಂದ ಅರ್ಜಿ ತಂದಿದ್ದಾರೆ, ತುಂಬಿಲ್ಲ.